ಆನೆ ಬಂದದ್ದು ಎಡಗಡೆಯಿಂದ

ಅಂತ್ಯಕ್ರಿಯೆ ಮುಗಿಸಿಕೊಂಡು ನಾವೆಲ್ಲ ಸ್ವೀಡನ್ನಿನ ಟ್ರೋಲ್‌ಹೆಟ್ಟನ್ನಿನ ನಗರಸಭೆ ಕಟ್ಟಡದ ಒಂದು ಸಣ್ಣ ಹಾಲ್‌ನಲ್ಲಿ ಸೇರಿದೆವು. ಕಾಫಿ ಕುಡಿಯುತ್ತ ಹೋದವರ ಬಗ್ಗೆ ನಾಲ್ಕು ಮಾತಾಡುವುದು ಇಲ್ಲಿಯ ರೂಢಿ. ಮಾತಾಡಿದವರಲ್ಲಿ ಹೆಚ್ಚಿನವರು ಆನೆಯ ಕಥೆಯನ್ನೇ ಹೇಳಿದರು. ಆನೆ ಕಾರನ್ನು ಸೊಂಡಿಲಿನಿಂದ ಎತ್ತಿತು ಎಂದು ಒಬ್ಬರು. ಅವರು ಅರ್ಧ ಮೈಲಿ ರಿವರ್ಸ್ ಗೇರಿನಲ್ಲೇ ಓಡಿಸಿ ಎಲ್ಲರ ಜೀವ ಉಳಿಸಿದರು ಎಂದು ಇನ್ನೊಬ್ಬರು. ಕೊನೆಗೆ, ಅವರು ಕಾರ್ಖಾನೆಯಲ್ಲಿ ನಮ್ಮ ವಿಭಾಗ ಬಿಟ್ಟ ಮೇಲೆ ಬಂದ ಮ್ಯಾನೇಜರ್ ಎದ್ದು ನಿಂತು, ಕಣ್ಣಿನ ಪರೀಕ್ಷೆಯಲ್ಲಿ ಫೇಲಾದ ದಿನವೂ ಅವರು ನಗುನಗುತ್ತಲೇ ತಮ್ಮ ತಪಾಸಣೆಯ ಮುದ್ರೆ ಹಿಂತಿರುಗಿಸಿದರಂತೆ ಎಂದರು.

ಮೂರೂ ತಪ್ಪು. ಆನೆ ಕಾರನ್ನು ಎತ್ತಲಿಲ್ಲ. ಕಾರು ಒಂದು ಅಡಿಯೂ ಹಿಂದಕ್ಕೆ ಹೋಗಲಿಲ್ಲ. ಕಣ್ಣಿನ ಪರೀಕ್ಷೆಯಲ್ಲಿ ಅವರು ಪಾಸಾಗಿದ್ದರು.

ಆ ಕಾರಿನಲ್ಲಿದ್ದ ಮೂವರಲ್ಲಿ ನಾನೊಬ್ಬಳು. ಪರೀಕ್ಷೆಯ ದಿನ ಅವರ ಹಿಂದಿನ ಕುರ್ಚಿಯಲ್ಲಿ ಕೂತು ನನ್ನ ಸರದಿಗೆ ಕಾಯುತ್ತಿದ್ದವಳೂ ನಾನೇ. ಆ ಹಾಲ್‌ನಲ್ಲಿ ಎದ್ದು ಹೇಳಬಹುದಿತ್ತು, ಬಾಯಿ ಬರಲಿಲ್ಲ. ಈಗ ಬರೆಯುತ್ತಿದ್ದೇನೆ. ಕಂಡದ್ದನ್ನು ಕಂಡಷ್ಟೇ ಬರೆಯಬೇಕು ಎಂದು ಕಲಿಸಿದವರು ಅವರು.

ಹೆಸರು ಬರೆಯುವುದಿಲ್ಲ. ಕಾರ್ಖಾನೆಯಲ್ಲಿ ಅವರು ನಲವತ್ತೇಳು. ವಿಮಾನದ ಎಂಜಿನ್ ಬಿಡಿಭಾಗಗಳನ್ನು ತಪಾಸಣೆ ಮಾಡುವ ಪ್ರತಿಯೊಬ್ಬರಿಗೂ ಒಂದು ಮುದ್ರೆ ಇರುತ್ತದೆ, ಅದರಲ್ಲಿ ಒಂದು ಸಂಖ್ಯೆ. ಭಾಗವನ್ನು ನೋಡಿ, ಬಿರುಕಿಲ್ಲ, ಗೀರಿಲ್ಲ ಎಂದು ಮನದಟ್ಟಾದ ಮೇಲೆ ಅದರ ಜೊತೆಯ ಕಾಗದದ ಮೇಲೆ ಮುದ್ರೆ ಒತ್ತಬೇಕು. ಬೇರೆಯವರು ಅದನ್ನು ಮೇಜಿನ ಡ್ರಾಯರಿನಲ್ಲಿ ಬೀಗ ಹಾಕಿ ಇಡುತ್ತಿದ್ದರು. ಇವರು ಒಂದು ದಾರಕ್ಕೆ ಕಟ್ಟಿ ಅಂಗಿಯ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ಕುಂದಾಪುರದ ಕಡೆಯವರು. ಜನಿವಾರ ತೆಗೆದು ಎಷ್ಟೋ ವರ್ಷವಾಗಿತ್ತು, ಈ ದಾರ ಮಾತ್ರ ತೆಗೆದದ್ದು ನಾನು ನೋಡಿರಲಿಲ್ಲ.

ನಾನು ದಾವಣಗೆರೆಯಿಂದ ಬಂದು ಅವರ ಕೈಕೆಳಗೆ ತರಬೇತಿಗೆ ಸೇರಿದಾಗ ನನಗೆ ಇಪ್ಪತ್ತಾರು, ಅವರಿಗೆ ಐವತ್ತೆರಡು. ಈ ದೇಶದಲ್ಲಿ ಮೇಲಧಿಕಾರಿಯನ್ನೂ ಹೆಸರು ಹಿಡಿದು ಕರೆಯುತ್ತಾರೆ, ನೀವೂ ಹಾಗೇ ಕರೆಯಿರಿ ಎಂದು ಮೊದಲ ದಿನವೇ ಹೇಳಿದರು. ನನ್ನಿಂದಾಗಲಿಲ್ಲ. ಒಂದು ವಾರ ಏನೂ ಕರೆಯದೆ, ಅವರು ನನ್ನತ್ತ ತಿರುಗುವ ತನಕ ಕಾದು ಮಾತಾಡಿದೆ. ಎಂಟನೆಯ ದಿನ ಸರ್ ಎಂದೆ. ಅವರೂ ಬಿಟ್ಟುಬಿಟ್ಟರು. ಅವರದೂ ಒಂದು ಪದ್ಧತಿ ಇತ್ತು: ಕಾರ್ಖಾನೆಯ ಗೇಟಿನ ಒಳಗೆ ನನಗೆ ನೀವು, ಗೇಟು ದಾಟಿದರೆ ನೀನು. ಸಂಜೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಬರುವಾಗ ಒಂದೇ ವಾಕ್ಯದಲ್ಲಿ ನೀವು ನೀನಾಗಿಬಿಡುತ್ತಿತ್ತು. "ನಾಳೆ ಆ ಹನ್ನೆರಡು ಪೀಸ್ ನೀವೇ ನೋಡಿ, ಮತ್ತೆ ಇವತ್ತು ಊಟಕ್ಕೆ ಬಾ, ಅಕ್ಕ ಪತ್ರೊಡೆ ಮಾಡಿದ್ದಾಳೆ." ಕೆಸುವಿನ ಎಲೆ ಇಲ್ಲಿ ಎಲ್ಲಿ ಸಿಗಬೇಕು, ಅಕ್ಕ ಪಾಲಕ್ ಸೊಪ್ಪಿನಲ್ಲಿ ಮಾಡುತ್ತಿದ್ದರು. ಅಕ್ಕ ಎಂದರೆ ಅವರ ಹೆಂಡತಿ. ಮೂರು ತುಂಡು ತಿನ್ನದೆ ಅವರ ಮನೆಯಿಂದ ಹೊರಬೀಳುವಂತಿರಲಿಲ್ಲ.

ಅವರು ಏನನ್ನೇ ನೋಡುವಾಗಲೂ ಮುಖವನ್ನು ಪೂರ್ತಿ ತಿರುಗಿಸುತ್ತಿದ್ದರು. ಎಂಜಿನ್ನಿನೊಳಗೆ ತಿರುಗುವ ಬ್ಲೇಡನ್ನು ಬೆರಳುಗಳ ನಡುವೆ ನಿಧಾನವಾಗಿ ಉರುಳಿಸಿ, ಅದರ ಅಂಚು ಮೂಗಿನ ನೇರಕ್ಕೆ ಬಂದ ಮೇಲೆ ನೋಡುವುದು. ಮನುಷ್ಯರನ್ನೂ ಹಾಗೆಯೇ. ಪಕ್ಕದಲ್ಲಿ ನಿಂತು ಮಾತಾಡಿಸಿದರೆ ಮೊದಲು ಗಲ್ಲ, ಆಮೇಲೆ ಭುಜ, ಕೊನೆಗೆ ಇಡೀ ಮೈ ನಮ್ಮತ್ತ ತಿರುಗಿ ನಿಲ್ಲುತ್ತಿತ್ತು. ಹೊಸಬರಿಗೆ ಸ್ವಲ್ಪ ಭಯವಾಗುತ್ತಿತ್ತು. ನನಗೆ ಅದು ಮರ್ಯಾದೆ ಅನ್ನಿಸುತ್ತಿತ್ತು. ಅಷ್ಟು ಪೂರ್ತಿಯಾಗಿ ನನ್ನ ಕಡೆ ತಿರುಗಿ ಯಾರೂ ನನ್ನ ಮಾತು ಕೇಳಿರಲಿಲ್ಲ.

ನನಗೆ ಅವರು ಕಲಿಸಿದ ಮೊದಲ ಪಾಠ ಒಂದು ಪೆಟ್ಟಿನ ಹಾಗಿತ್ತು. ತರಬೇತಿಯ ಹಾಳೆಯಲ್ಲಿ ನಾನು "ಬಿರುಕು ಇಲ್ಲ" ಎಂದು ಬರೆದಿದ್ದೆ. ಅವರು ಪೆನ್ಸಿಲ್ ತೆಗೆದುಕೊಂಡು ಇಲ್ಲ ಎಂಬುದನ್ನು ಹೊಡೆದು ಹಾಕಿದರು.

"ಇಲ್ಲ ಅಂತ ನಿಮಗೆ ಹೇಗೆ ಗೊತ್ತು ಮಾರಾಯ್ರೆ? ಕಾಣಲಿಲ್ಲ ಅಂತ ಬರೀರಿ. ಇಲ್ಲ ಅನ್ನೋದು ದೇವರ ಕೆಲಸ, ನಮ್ಮದು ಕಾಣಲಿಲ್ಲ."

ಫೀಕಾ ಹೊತ್ತಿನಲ್ಲಿ ಮಾತ್ರ ಅವರು ಈ ನಿಯಮವನ್ನು ತಾವೇ ಮುರಿಯುತ್ತಿದ್ದರು. ಬೆಳಗಿನ ಒಂಬತ್ತೂವರೆಗೆ ಎಲ್ಲರೂ ಕೆಲಸ ಬಿಟ್ಟು ಕಾಫಿಗೆ ಕೂರುವುದೇ ಫೀಕಾ. ಶುಕ್ರವಾರ ಸರದಿಯ ಪ್ರಕಾರ ಒಬ್ಬರು ಕೇಕ್ ತರಬೇಕು. ಅಲ್ಲಿನ ನಿತ್ಯದ ಜಗಳ ಮೂಸ್ ಬಗ್ಗೆ. ಮೂಸ್ ಎಂದರೆ ಕುದುರೆಗಿಂತ ಎತ್ತರದ ಇಲ್ಲಿಯ ಕಾಡುಜಿಂಕೆ. ರಸ್ತೆಯುದ್ದಕ್ಕೂ ಅದರ ಚಿತ್ರವಿರುವ ಎಚ್ಚರಿಕೆಯ ಫಲಕಗಳು. ಶರತ್ಕಾಲದಲ್ಲಿ ಸ್ವೀಡಿಶ್ ಸಹೋದ್ಯೋಗಿಗಳು ಬೇಟೆಗೆ ರಜೆ ಹಾಕಿ ಹೋಗುತ್ತಿದ್ದರು. ಇವರು ಮಾತ್ರ, ಹದಿನಾಲ್ಕು ವರ್ಷದಲ್ಲಿ ನೂರಾರು ಫಲಕ ಕಂಡಿದ್ದೇನೆ, ಒಂದು ಮೂಸ್ ಕಂಡಿಲ್ಲ, ಆದ್ದರಿಂದ ಅದು ಇಲ್ಲ, ಪ್ರವಾಸೋದ್ಯಮ ಇಲಾಖೆಯವರು ಕಟ್ಟಿದ ಕಥೆ ಎಂದು ಗಂಭೀರವಾಗಿ ವಾದಿಸುತ್ತಿದ್ದರು. ಬೇಟೆಯ ಫೋಟೋ ತಂದು ತೋರಿಸಿದರೆ, ಫೋಟೋ ಸಾಕ್ಷಿ ಅಲ್ಲ ಎನ್ನುತ್ತಿದ್ದರು. ಒಮ್ಮೆ ಅಕ್ಕ ಮನೆಯಲ್ಲಿ, ಹೋದ ವರ್ಷ ನಾವು ಕಾರಿನಲ್ಲಿ ಬರುವಾಗ ನಿಮ್ಮ ಪಕ್ಕದಲ್ಲೇ ನಿಂತಿತ್ತಲ್ಲ ಎಂದಾಗ, "ನಿನಗೆ ಫಲಕ ಕಂಡದ್ದು" ಎಂದು ನಕ್ಕುಬಿಟ್ಟರು. ನಾನೂ ನಕ್ಕೆ.

ಆಫ್ರಿಕಾದ ಯೋಚನೆ ಹುಟ್ಟಿದ್ದು ಈ ಜಗಳದಿಂದಲೇ. ಇಲ್ಲದ ಮೂಸ್‌ಗಾಗಿ ಕತ್ತು ನೋಯಿಸಿಕೊಳ್ಳುವ ಬದಲು ಇರುವ ಪ್ರಾಣಿ ನೋಡೋಣ ಎಂದು ಅಕ್ಕ ಹಟ ಹಿಡಿದರು. ಜುಲೈಯಲ್ಲಿ ಕಾರ್ಖಾನೆಗೆ ನಾಲ್ಕು ವಾರ ರಜೆ. ದಕ್ಷಿಣ ಆಫ್ರಿಕಾದಲ್ಲಿ ಆಗ ಒಣ ಚಳಿಗಾಲ, ಹುಲ್ಲು ಕುಳ್ಳಗಾಗಿ ಪ್ರಾಣಿಗಳು ಚೆನ್ನಾಗಿ ಕಾಣುತ್ತವೆ. ಲುಂಡ್‌ನಲ್ಲಿ ಓದುತ್ತಿದ್ದ ಮಗಳು ಬೇಸಿಗೆ ಕೆಲಸವಿದೆ, ಬರಲ್ಲ ಎಂದಳು. ಮಗಳ ಜಾಗಕ್ಕೆ ನಾನು. ಮೂರು ಜನಕ್ಕೆ ಎಂದು ಗೊತ್ತು ಮಾಡಿದ ಗುಡಿಸಲು, ಇಬ್ಬರೇ ಹೋದರೆ ಅಕ್ಕನಿಗೆ ನಿದ್ರೆ ಬರುತ್ತಿರಲಿಲ್ಲ.

ನಾವು ಹೋದ ಅಭಯಾರಣ್ಯ ಒಂದು ಜಿಲ್ಲೆಗಿಂತ ದೊಡ್ಡದು. ನಮ್ಮ ಕಾರಿನಲ್ಲಿ ನಾವೇ ಓಡಾಡಬಹುದು, ಗಾಡಿಯಿಂದ ಕೆಳಗೆ ಇಳಿಯುವಂತಿಲ್ಲ, ಕತ್ತಲಾಗುವ ಮುಂಚೆ ಬೇಲಿಯೊಳಗಿನ ಬಿಡಾರಕ್ಕೆ ಮರಳಬೇಕು. ನಿಯಮಗಳ ಕಾಗದ ಓದಿದ ಕೂಡಲೇ ಅವರಿಗೆ ಆ ಕಾಡು ಇಷ್ಟವಾಯಿತು. ಇನ್ನೂ ಇಷ್ಟವಾದದ್ದು ಬಿಡಾರದ ಬಾಗಿಲಲ್ಲಿದ್ದ ನಕ್ಷೆ. ಒಂದೊಂದು ಪ್ರಾಣಿಗೆ ಒಂದೊಂದು ಬಣ್ಣದ ಪಿನ್ನು. ಯಾವ ಪ್ರಾಣಿಯನ್ನು ಎಲ್ಲಿ ಕಂಡಿರೋ ಅಲ್ಲಿ ಚುಚ್ಚಬೇಕು. ಅವರು ಒಂದು ಗಂಟೆ ಅದರ ಮುಂದೆ ನಿಂತಿದ್ದರು. ಚಿರತೆಯ ಪಿನ್ನು ಚುಚ್ಚಲು ಬಂದ ಒಬ್ಬ ದಪ್ಪ ಡಚ್ಚನನ್ನು, ಕಂಡದ್ದು ತಾವೋ ಅಥವಾ ಮಾರ್ಗದರ್ಶಿಯೋ, ಬಾಲ ಕಂಡಿತೋ ತಲೆಯೋ ಎಂದು ವಿನಯದಿಂದ ಕೇಳಿದರು. ಆ ಮನುಷ್ಯ ಸ್ವಲ್ಪ ಹೊತ್ತು ಯೋಚಿಸಿ ಪಿನ್ನನ್ನು ಡಬ್ಬಿಗೆ ಹಾಕಿ ಊಟಕ್ಕೆ ಹೋದ.

ಎರಡನೆಯ ದಿನ ನಾನೂ ಅಕ್ಕನೂ ಒಂದು ಮರದ ಕೊಂಬೆಯ ಮೇಲೆ ಚಿರತೆ ನೋಡಿದೆವು. ರಸ್ತೆಯ ಎಡಗಡೆಗಿದ್ದ ಮರ. ಅವರು ಕಾರು ನಿಲ್ಲಿಸಿ, ಮುಖ ತಿರುಗಿಸಿ, ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಚಿರತೆ ಇಳಿದು ಹೋಯಿತು. ಸಂಜೆ ನಕ್ಷೆಯ ಮುಂದೆ ನಮಗಿಬ್ಬರಿಗೂ ಪಿನ್ನು ಕೊಟ್ಟು, ತಾವು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ತಾನು ಸಾಕ್ಷಿ ಅಲ್ಲವಂತೆ. ಅವರನ್ನು ನೋಡಿ ಅಕ್ಕ ನಕ್ಕು ನಕ್ಕು ಕೂತುಬಿಟ್ಟರು.

ಮೂರನೆಯ ದಿನ ಬೆಳಗ್ಗೆ ಹತ್ತರ ಸುಮಾರು. ಇಲ್ಲಿಂದ ನಾನು ನಿಧಾನವಾಗಿ ಬರೆಯುತ್ತೇನೆ.

ಅಲ್ಲಿ ವಾಹನಗಳು ನಮ್ಮ ಊರಿನ ಹಾಗೆ ರಸ್ತೆಯ ಎಡಕ್ಕೆ. ಸ್ಟೀರಿಂಗ್ ಬಲಕ್ಕೆ. ಅವರು ಓಡಿಸುತ್ತಿದ್ದರು. ನಾನು ಅವರ ಎಡಗಡೆ, ಮುಂದಿನ ಸೀಟಿನಲ್ಲಿ. ನನಗೆ ಆಗ ಲೈಸೆನ್ಸ್ ಇರಲಿಲ್ಲ. ಸ್ವೀಡನ್ನಿನಲ್ಲಿ ಲೈಸೆನ್ಸಿಗೆ ಕಡ್ಡಾಯವಾದ, ಜಾರುವ ಮಂಜುಗಡ್ಡೆಯ ಮೇಲೆ ಓಡಿಸುವ ಪಾಠ ಇನ್ನೂ ಬಾಕಿ ಇತ್ತು. ಅಕ್ಕ ಹಿಂದೆ ಕೂತು ಕಿತ್ತಳೆ ಸುಲಿಯುತ್ತಿದ್ದರು. ಎಡಗಡೆ ಮರವಿಲ್ಲದ ಬಯಲು. ಅದರಲ್ಲಿ ಒಂದು ಹೆಣ್ಣಾನೆ ರಸ್ತೆಯ ಕಡೆಗೆ ನಡೆದು ಬರುತ್ತಿತ್ತು. ಹಿಂದೆ ಮರಿ. ನನಗೆ ಕಂಡಾಗ ಅದು ದೂರದಲ್ಲಿತ್ತು, ಒಂದು ಫುಟ್‌ಬಾಲ್ ಮೈದಾನದಷ್ಟು. ನಾನು ನೋಡುತ್ತ ಕೂತೆ. ಅವರೂ ನೋಡುತ್ತಿದ್ದಾರೆ ಎಂದುಕೊಂಡೆ. ಎಲ್ಲಿ ನಿಲ್ಲಿಸಬೇಕೆಂದು ಲೆಕ್ಕ ಹಾಕುತ್ತಿರುತ್ತಾರೆ, ಅವರಿಗೆ ಹೇಳುವವಳು ನಾನು ಯಾರು ಎಂದುಕೊಂಡೆ. ಆನೆ ಹತ್ತಿರವಾಯಿತು. ಕಾರಿನ ವೇಗ ಇಳಿಯಲಿಲ್ಲ. ಅವರು ಬಲಗಡೆ ಒಂದು ಹಕ್ಕಿ ತೋರಿಸಿ ಏನೋ ಹೇಳುತ್ತಿದ್ದರು. ಆನೆ ರಸ್ತೆಯ ಅಂಚಿಗೆ ಬಂದಾಗ ನಾನು "ಸರ್, ಆನೆ" ಎಂದೆ. ಮೆಲ್ಲಗೆ ಎಂದೆ. ಮಲಗಿದವರನ್ನು ಎಬ್ಬಿಸುವ ಹಾಗೆ.

ಅವರು ಬ್ರೇಕ್ ಒತ್ತಿದರು. ಎಂಜಿನ್ ನಿಂತುಹೋಯಿತು. ಆನೆಯ ಕಿವಿಗಳು ಅಗಲವಾದವು. ಅಲ್ಲಿಯ ತನಕ ನೋಡಿದ್ದೇನೆ. ಆಮೇಲೆ ಕಣ್ಣು ಮುಚ್ಚಿಕೊಂಡೆ. ನನ್ನ ಪಕ್ಕದಲ್ಲಿ ಏನೋ ಕರಕ್ಕೆಂದಿತು. ಒಣ ಹುಲ್ಲಿನ, ಸಗಣಿಯ ವಾಸನೆ ಬಂತು. ಕಣ್ಣು ತೆರೆದಾಗ ಎಡಗಡೆಯ ಕನ್ನಡಿ ಮಡಚಿ ಕಿಟಕಿಗೆ ಅಂಟಿತ್ತು, ಗಾಜು ಒಡೆದಿರಲಿಲ್ಲ. ಅದನ್ನು ಸೊಂಡಿಲು ಮಡಚಿತೋ ಮೊಣಕಾಲೋ ನನಗೆ ಗೊತ್ತಿಲ್ಲ. ಆನೆ ಮುಂದೆ ರಸ್ತೆ ದಾಟುತ್ತಿತ್ತು. ಮರಿ ಒಂದು ಕ್ಷಣ ನಿಂತು ನಮ್ಮನ್ನು ನೋಡಿ, ಓಡಿ ತಾಯಿಯನ್ನು ಸೇರಿಕೊಂಡಿತು.

ಹಿಂದಿನಿಂದ ಅಕ್ಕ, "ಹೋಯ್ತಾ?" ಎಂದರು. ಕಿತ್ತಳೆ ಅರ್ಧ ಸುಲಿದಲ್ಲೇ ನಿಂತಿತ್ತು.

ಅವರು ಮುಖ ತಿರುಗಿಸಿದರು. ಮೊದಲು ಗಲ್ಲ, ಆಮೇಲೆ ಭುಜ. ನನ್ನನ್ನು ನೋಡಿದರು.

"ನೀನು ಯಾವಾಗ ಕಂಡದ್ದು?"

"ನಿಮ್ಮ ಜೊತೆಗೇ ಸರ್. ತಟ್ಟಂತ ಬಂತಲ್ಲ."

ಅದು ಸುಳ್ಳು. ನನ್ನ ತಪ್ಪು ಮುಚ್ಚಲು ಹೇಳಿದೆನೋ, ಅವರಿಗೆ ಸಮಾಧಾನವಾಗಲಿ ಎಂದೋ, ಎರಡೂ ಇರಬೇಕು. ಅವರು ತಲೆಯಾಡಿಸಿದರು. ಸ್ಟೀರಿಂಗ್ ಮೇಲಿದ್ದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅಕ್ಕ ಕಿತ್ತಳೆಯನ್ನು ನನ್ನ ಕೈಗೆ ಕೊಟ್ಟು, ಸೀಟುಗಳ ನಡುವಿನಿಂದ ತೂರಿ ಮುಂದೆ ಬಂದರು. ಕಾರಿನಿಂದ ಇಳಿಯುವಂತಿಲ್ಲವಲ್ಲ, ಅವರು ಹಿಂದಕ್ಕೂ ಅಕ್ಕ ಮುಂದಕ್ಕೂ ಹೋಗುವಾಗ ಗೇರಿನ ಹತ್ತಿರ ಇಬ್ಬರೂ ಸಿಕ್ಕಿಹಾಕಿಕೊಂಡು, ನಾನು ಅವರ ಕಾಲು ಹಿಡಿದು ಹಿಂದಕ್ಕೆ ದಾಟಿಸಬೇಕಾಯಿತು. ಅಕ್ಕನಿಗೆ ಲೈಸೆನ್ಸ್ ಬಂದು ಹತ್ತು ವರ್ಷವಾಗಿತ್ತು, ಗಂಡ ಕಾರಿನಲ್ಲಿರುವಾಗ ಅದೇ ಮೊದಲು ಓಡಿಸಿದ್ದಂತೆ. ತಿರುವಿನಲ್ಲಿ ಗೇರ್ ಕಿರುಗುಟ್ಟಿತು. ಅಕ್ಕ ಕನ್ನಡಿಯಲ್ಲಿ ಎರಡು ಸಲ ಅವರನ್ನು ನೋಡಿದರು. ಉಳಿದ ನಾಲ್ಕು ದಿನವೂ ಅಕ್ಕನೇ ಓಡಿಸಿದರು.

ಆ ಸಂಜೆ ನಕ್ಷೆಯಲ್ಲಿ ಆನೆಯ ಪಿನ್ನನ್ನು ನಾವು ಯಾರೂ ಚುಚ್ಚಲಿಲ್ಲ.

ಆಗಸ್ಟಿನಲ್ಲಿ ಕಾರ್ಖಾನೆ ತೆರೆಯಿತು. ತಪಾಸಣೆ ಮಾಡುವವರಿಗೆ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ. ಒಂದು ಸಣ್ಣ ಹಲಗೆಯನ್ನು ಓದುವ ದೂರದಲ್ಲಿ ಹಿಡಿದು ಅತಿ ಸಣ್ಣ ಅಕ್ಷರದ ಸಾಲು ಓದಬೇಕು, ಬಣ್ಣಗಳನ್ನು ಗುರುತಿಸಬೇಕು. ಅವರು ನನಗಿಂತ ಮುಂಚೆ ಕೂತರು. ಕಡೆಯ ಸಾಲನ್ನು ಎರಡೂ ಕಣ್ಣಿನಿಂದ, ಬೇರೆ ಬೇರೆಯಾಗಿ, ತಡವರಿಸದೆ ಓದಿದರು. ನರ್ಸ್ ಸಹಿ ಹಾಕಿದಳು. ನಾನು ಆ ಸಾಲಿನಲ್ಲಿ ಒಂದು ಅಕ್ಷರ ತಪ್ಪಾಗಿ ಓದಿದೆ.

ಅದೇ ವಾರದ ಭಾನುವಾರ ಮನೆಗೆ ಕರೆದರು. ಊಟವಾದ ಮೇಲೆ ಮೇಜು ಒರೆಸಿ, ಕಾರ್ಖಾನೆಯಲ್ಲಿ ನಾವು ಲೋಪಗಳನ್ನು ವರದಿ ಮಾಡಲು ಬಳಸುವಂಥದೇ ಒಂದು ಹಾಳೆಯನ್ನು ನನ್ನ ಮುಂದಿಟ್ಟರು. ಸ್ಕೇಲ್ ಹಿಡಿದು ತಾವೇ ಗೆರೆ ಎಳೆದು ಮಾಡಿದ್ದು. ಸ್ಥಳ, ಸಮಯ, ಕಂಡದ್ದು, ಕಾರಣ ಎಂದು ನಾಲ್ಕು ಮನೆಗಳು. ಸ್ಥಳ, ಸಮಯ ತುಂಬಿತ್ತು. ಪಕ್ಕದಲ್ಲಿ ಒಂದು ಚೂಪು ಮಾಡಿದ ಪೆನ್ಸಿಲ್.

"ಆ ಆನೆಯನ್ನು ನೀವು ಎಷ್ಟು ದೂರದಲ್ಲಿ ಕಂಡಿರಿ, ಬರೀರಿ" ಎಂದರು.

ಗೇಟಿನಿಂದ ನಾಲ್ಕು ಕಿಲೋಮೀಟರ್ ದೂರದ ಅವರ ಊಟದ ಮೇಜಿನಲ್ಲಿ ನನ್ನನ್ನು ನೀವು ಎಂದರು. ನಾನು ಪೆನ್ಸಿಲ್ ಮುಟ್ಟದೆ, ಪರೀಕ್ಷೆ ಪಾಸಾಯಿತಲ್ಲ ಸರ್ ಎಂದೆ.

"ಆಯ್ತು. ಆ ಹಲಗೆ ಮೂಗಿನ ಮುಂದೆ ಹಿಡೀತಾರೆ. ಆನೆ ಮೂಗಿನ ಮುಂದೆ ಬರಲಿಲ್ಲ ಅಲ್ವಾ? ಎಡಗಡೆ ಲೋಟ ಇಟ್ರೆ ಬೀಳಿಸ್ತೇನೆ. ಬಾಗಿಲ ಚೌಕಟ್ಟು ಭುಜಕ್ಕೆ ತಾಗ್ತದೆ. ವಯಸ್ಸು ಅಂದ್ಕೊಂಡಿದ್ದೆ. ಆನೆ ತಟ್ಟಂತ ಬಂದದ್ದಾದ್ರೆ ವಯಸ್ಸು. ಮೊದಲೇ ಅಲ್ಲಿ ಇದ್ದದ್ದಾದ್ರೆ ಬೇರೆ. ನನಗೆ ಗೊತ್ತಿಲ್ಲ, ನಾನು ಕಂಡಿಲ್ಲ. ಕಂಡವರು ನೀವು."

ಏನು ಬರೆದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಸುಳ್ಳನ್ನೇ ಮತ್ತೆ ಬರೆದರೆ ನಾಳೆಯೂ ಆ ಮುದ್ರೆ ಅವರ ಜೇಬಿನಲ್ಲಿರುತ್ತದೆ. ಭಾರತದಲ್ಲೂ ಇಲ್ಲೂ ಸೇರಿ ಇಪ್ಪತ್ತೈದು ವರ್ಷ ಅವರು ಬೇರೇನೂ ಆಗಿರಲಿಲ್ಲ. ಅಡುಗೆಮನೆಯಲ್ಲಿ ಅಕ್ಕ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದರು, ನೀರಿನ ಸದ್ದಿರಲಿಲ್ಲ. ನಾನು ಬರೆದೆ: ಆನೆ ಎಡಗಡೆಯ ಬಯಲಿನಲ್ಲಿ ನಡೆದು ಬರುತ್ತಿತ್ತು. ಮೊದಲು ಕಂಡಾಗ ಸುಮಾರು ನೂರು ಮೀಟರ್ ದೂರ. ನಡುವೆ ಮರ, ಪೊದೆ ಇರಲಿಲ್ಲ. ರಸ್ತೆಗೆ ಬರುವ ತನಕ ನನಗೆ ಪೂರ್ತಿ ಕಾಣುತ್ತಿತ್ತು. ನಾನು ಹೇಳಲಿಲ್ಲ.

ಅವರು ಹಾಳೆಯನ್ನು ತಮ್ಮ ಮುಖದ ನೇರಕ್ಕೆ ತಂದು ಎರಡು ಸಲ ಓದಿದರು. ಕೊನೆಯ ವಾಕ್ಯವನ್ನು ಪೆನ್ಸಿಲಿನಿಂದ ಹೊಡೆದು ಹಾಕಿದರು. "ಇದು ಕಾರಣದ ಮನೆಗೆ ಸೇರಿದ್ದು. ಆ ಮನೆ ಖಾಲಿ ಬಿಡಿ, ಅದು ಡಾಕ್ಟರು ತುಂಬ್ತಾರೆ."

ಡಾಕ್ಟರು ತುಂಬಿದರು. ಗ್ಲಾಕೋಮಾ. ಎಡಗಣ್ಣಿನ ಹೊರಬದಿಯ ನೋಟ ಬಹುಪಾಲು ಹೋಗಿತ್ತು, ಬಲಗಣ್ಣಿನಲ್ಲೂ ಶುರುವಾಗಿತ್ತು. ನಡುವಿನ ನೋಟ ಮಾತ್ರ ಚೊಕ್ಕ. ಹತ್ತು ವರ್ಷದಿಂದ ಬರುತ್ತಿದ್ದಿರಬಹುದು, ಇಂಥವರಿಗೆ ತಮಗೇ ಗೊತ್ತಾಗುವುದಿಲ್ಲ ಎಂದರಂತೆ. ಮರುದಿನ ಮುದ್ರೆಯನ್ನು ದಾರದ ಸಮೇತ ಆಗಿನ ಮ್ಯಾನೇಜರ್ ಮೇಜಿನ ಮೇಲಿಟ್ಟರು. ನಿಯಮದ ಪ್ರಕಾರ ಪಾಸಾಗಿದ್ದೀರಿ, ಇಟ್ಟುಕೊಳ್ಳಬಹುದು ಎಂದು ಆತ ಹೇಳಿದ್ದನ್ನು ಬಾಗಿಲ ಹೊರಗೆ ನಿಂತು ನಾನೇ ಕೇಳಿದ್ದೇನೆ. ಇವರು ಒಪ್ಪಲಿಲ್ಲ. ನಗಲೂ ಇಲ್ಲ. ತಾವು ನೋಡಿದ ಭಾಗಗಳಲ್ಲಿ ಇನ್ನೂ ಕಾರ್ಖಾನೆಯೊಳಗೇ ಇರುವುದನ್ನೆಲ್ಲ ಬೇರೆಯವರು ಮತ್ತೆ ನೋಡಬೇಕೆಂದು ಕೇಳಿಕೊಂಡರು. ನಾನೂ ಇನ್ನಿಬ್ಬರೂ ಸೇರಿ ಐದು ವಾರ ನೋಡಿದೆವು. ಅವರು ತಪ್ಪಿಸಿದ್ದು ಒಂದೂ ಸಿಗಲಿಲ್ಲ. ಪ್ರತಿ ಅಂಚನ್ನೂ ಮೂಗಿನ ನೇರಕ್ಕೆ ಉರುಳಿಸಿ ನೋಡುವ ಅಭ್ಯಾಸ ಅವರ ಕಣ್ಣಿನ ಕೊರತೆಯನ್ನು ತುಂಬಿಬಿಟ್ಟಿತ್ತು. ಅದು ಮೊದಲಿನಿಂದ ಇದ್ದ ಶಿಸ್ತೋ, ಕಣ್ಣು ಹೋದಂತೆ ಬಂದದ್ದೋ, ಗೊತ್ತಿಲ್ಲ. ಒಂದು ತಪ್ಪೂ ಇಲ್ಲ ಸರ್ ಎಂದು ಓಡಿಹೋಗಿ ಹೇಳಿದೆ.

"ಇಲ್ಲ ಅಲ್ಲ" ಎಂದರು. ಆಗ ನಕ್ಕರು.

ಆಮೇಲಿನ ಮೂರು ವರ್ಷ ತರಬೇತಿ ವಿಭಾಗದಲ್ಲಿದ್ದು, ಕಾರು ಮಾರಿ, ಬಸ್ಸಿನಲ್ಲಿ ಓಡಾಡಿದರು. ಹೊಸಬರ ಹಾಳೆಗಳಲ್ಲಿ ಇಲ್ಲ ಎಂಬುದನ್ನು ಹೊಡೆದು ಹಾಕುತ್ತಲೇ ಇದ್ದರು. ಹೋದದ್ದು ಹೃದಯದಿಂದ, ಕಣ್ಣಿಗೂ ಅದಕ್ಕೂ ಸಂಬಂಧವಿಲ್ಲ.

ಆ ಭಾನುವಾರದ ಒಂದು ಮಾತು ಉಳಿಯಿತು. ಅವರು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಅಡುಗೆಮನೆಯಲ್ಲಿ ಮತ್ತೆ ನೀರಿನ ಸದ್ದು ಶುರುವಾಯಿತು. ಅವರು ಅದರ ಕಡೆಗೆ ದನಿ ಎತ್ತಿ ಕೇಳಿದರು.

"ಹೌದನಾ, ಆವತ್ತು ಕಾರಲ್ಲಿ ಬರುವಾಗ ನೀನು ಹೇಳಿದ್ದಲ್ಲ, ಮೂಸ್. ಅದು ಇತ್ತಾ?"

ನೀರು ನಿಂತಿತು. ಅಕ್ಕ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ಅವರ ಎಡಗಡೆಗೆ.

"ಎರಡಿತ್ತು. ಒಂದು ಮರಿ."

ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಮೊದಲು ಗಲ್ಲ, ಆಮೇಲೆ ಭುಜ, ಕೊನೆಗೆ ಇಡೀ ಮೈ ತಿರುಗಿಸಿ ಅಕ್ಕನನ್ನು ನೋಡಿದರು. ಮುಂದಿನ ಶುಕ್ರವಾರ ತಮ್ಮ ಸರದಿಯಲ್ಲದಿದ್ದರೂ ಫೀಕಾಕ್ಕೆ ಕೇಕ್ ತಂದರು. ಸ್ವೀಡನ್ನಿನಲ್ಲಿ ಮೂಸ್ ಇದೆ, ನಂಬತಕ್ಕ ಸಾಕ್ಷಿ ಸಿಕ್ಕಿದೆ, ಹದಿನಾಲ್ಕು ವರ್ಷ ವಾದ ಮಾಡಿದ್ದಕ್ಕೆ ಕ್ಷಮಿಸಬೇಕು ಎಂದು ಎದ್ದು ನಿಂತು ಹೇಳಿ, ಎಲ್ಲರಿಗೂ ತಾವೇ ಕತ್ತರಿಸಿ ಹಂಚಿದರು.